ನೆಲ ಒಪ್ಪುವ ಬೇರು

ದ್ರಾಕ್ಷಿಯ ರುಚಿ ಮೇಲಿನ ಬಳ್ಳಿಯದು, ಬಾಳಿಕೆ ಕೆಳಗಿನ ಬೇರಿನದು. ಈ ಎರಡನ್ನೂ ಬೇರೆ ಬೇರೆ ಗಿಡಗಳಿಂದ ಪಡೆಯುವ ವಿದ್ಯೆ ಒಂದು ಕಾಲಕ್ಕೆ ಫ್ರಾನ್ಸನ್ನು ಉಳಿಸಿತು. ಇಂದು ವಿಜಯಪುರದ ತೋಟಗಳನ್ನೂ ಉಳಿಸುತ್ತಿದೆ. ಆದರೆ ಯಾವ ನೆಲಕ್ಕೆ ಯಾವ ಬೇರು ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಹೋದವರ ಕಣ್ಣು ಮೊದಲು ಹೋಗುವುದು ಚಪ್ಪರದಿಂದ ಇಳಿಬಿದ್ದ ಗೊಂಚಲುಗಳತ್ತ. ಕೆಳಗೆ, ನೆಲದಿಂದ ಅಡಿಯೊಂದರ ಆಸುಪಾಸಿನ ಎತ್ತರದಲ್ಲಿ, ಕಾಂಡದ ಮೇಲೆ ಒಂದು ಗಂಟು ಇರುತ್ತದೆ. ಅದನ್ನು ಗಮನಿಸುವವರು ಕಡಿಮೆ. ಆ ಗಂಟು ಎರಡು ಗಿಡಗಳ ನಡುವಿನ ಗಡಿ. ಅದರ ಮೇಲಿರುವುದು ಥಾಮ್ಸನ್ ಸೀಡ್‌ಲೆಸ್, ಸೋನಾಕ, ಮಾಣಿಕ್ ಚಮನ್ ಮುಂತಾದ ಹಣ್ಣಿನ ತಳಿ. ಕೆಳಗಿರುವುದು ಅಮೆರಿಕದ ಕಾಡು ದ್ರಾಕ್ಷಿಯ ಸಂತತಿ. ಹಣ್ಣು ಒಂದರದು, ಬೇರು ಇನ್ನೊಂದರದು!

ಈ ಕೆಳಗಿನ ಗಿಡಕ್ಕೆ ತೋಟಗಾರಿಕೆಯಲ್ಲಿ ಬೇರುಸಸಿ ಎಂದು ಹೆಸರು. ರೈತರ ಬಾಯಲ್ಲಿ ಅದು ರೂಟ್‌ಸ್ಟಾಕ್. ದ್ರಾಕ್ಷಿ ತೋಟ ಹಾಕುವ ರೈತ ಚಪ್ಪರಕ್ಕೆ, ತಂತಿಗೆ, ಹನಿ ನೀರಾವರಿಗೆ ಲಕ್ಷಗಟ್ಟಲೆ ಹಣ ಸುರಿಯುತ್ತಾನೆ. ಅದರಲ್ಲಿ ಬೇರುಸಸಿಯ ಖರ್ಚು ಸಣ್ಣ ಪಾಲು. ಆದರೆ ತಂತಿ ತುಕ್ಕು ಹಿಡಿದರೆ ಬದಲಿಸಬಹುದು, ಮೇಲಿನ ತಳಿ ಬೇಡವೆನಿಸಿದರೆ ಕತ್ತರಿಸಿ ಬೇರೆ ಕುಡಿ ಕಸಿ ಮಾಡಬಹುದು. ಬೇರನ್ನು ಬದಲಿಸಬೇಕಾದರೆ ಮಾತ್ರ ತೋಟವನ್ನೇ ಕಿತ್ತು ಹಾಕಬೇಕು. ಸಾಲಿನಿಂದ ಸಾಲಿಗೆ ಒಂಬತ್ತು ಅಡಿ, ಗಿಡದಿಂದ ಗಿಡಕ್ಕೆ ಐದು ಅಡಿ ಅಂತರವಿಟ್ಟರೆ ಎಕರೆಗೆ 968 ಗಿಡಗಳಾಗುತ್ತವೆ. ಅಷ್ಟೂ ಗಿಡಗಳ ಹಣೆಬರಹ ನಾಟಿಯ ದಿನವೇ ತೀರ್ಮಾನವಾಗಿಬಿಡುತ್ತದೆ.

ಒಂದು ಗಿಡ, ಎರಡು ಜೀವ

ಕಸಿ ಎಂದರೆ ಎರಡು ಗಿಡಗಳನ್ನು ಬೆರೆಸುವುದಲ್ಲ, ಹೊಂದಿಸುವುದು. ಕಾಂಡದ ತೊಗಟೆಗೂ ಕಟ್ಟಿಗೆಗೂ ನಡುವೆ ಜೀವಕೋಶಗಳ ತೆಳುವಾದ ಹಸಿರು ಪದರವೊಂದಿದೆ. ಗಿಡ ದಪ್ಪವಾಗುವುದು ಈ ವರ್ಧನ ಪದರದಿಂದಲೇ. ಬೇರುಸಸಿಯ ಕಾಂಡವನ್ನು ಕತ್ತರಿಸಿ, ಸೀಳಿ, ಬೆಣೆಯಂತೆ ಚೂಪು ಮಾಡಿದ ಕುಡಿಯನ್ನು ಅದರೊಳಗೆ ಕೂರಿಸಿ ಬಿಗಿಯಾಗಿ ಸುತ್ತಿದರೆ ಎರಡರ ವರ್ಧನ ಪದರಗಳೂ ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳುತ್ತವೆ. ನೀರು, ಲವಣಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಎಲೆ ತಯಾರಿಸಿದ ಸಕ್ಕರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ.

ಇಷ್ಟಾದರೂ ಎರಡೂ ತಮ್ಮ ತಮ್ಮ ಹುಟ್ಟುಗುಣವನ್ನು ಬಿಡುವುದಿಲ್ಲ. ಮೇಲಿನ ಥಾಮ್ಸನ್ ಥಾಮ್ಸನ್ನೇ, ಕೆಳಗಿನ ಕಾಡುಬಳ್ಳಿ ಕಾಡುಬಳ್ಳಿಯೇ. ಗಂಟಿನ ಕೆಳಗೆ ಚಿಗುರೊಡೆದರೆ ಅಲ್ಲಿ ಕಾಡು ದ್ರಾಕ್ಷಿಯ ಎಲೆಯೇ ಬರುತ್ತದೆ. ಬೇರು ಹಣ್ಣಿನ ಜಾತಿಯನ್ನು ಬದಲಿಸದು. ಆದರೆ ಗಿಡ ಎಷ್ಟು ಬೆಳೆಯಬೇಕು, ಎಷ್ಟು ನೀರು ಕುಡಿಯಬೇಕು, ಯಾವ ಲವಣವನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗೇ ತಡೆಯಬೇಕು ಎಂಬುದರಲ್ಲೆಲ್ಲ ಅದರ ಕೈವಾಡವಿದೆ.

ದ್ರಾಕ್ಷಿಯ ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಹಾಗಿರುವಾಗ ಅದಕ್ಕೆ ಇನ್ನೊಂದು ಗಿಡದ ಬೇರು ಏಕೆ ಬೇಕಾಯಿತು? ಉತ್ತರಕ್ಕಾಗಿ ಸುಮಾರು ನೂರರವತ್ತು ವರ್ಷ ಹಿಂದಕ್ಕೆ, ಫ್ರಾನ್ಸಿಗೆ ಹೋಗಬೇಕು.

ಫ್ರಾನ್ಸಿನ ಬಳ್ಳಿಗಳು ಒಣಗಿದ ಕಥೆ

1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ವಿಚಿತ್ರ ರೋಗವೊಂದು ಕಾಣಿಸಿಕೊಂಡಿತು. ಚೆನ್ನಾಗಿದ್ದ ಬಳ್ಳಿಗಳ ಎಲೆ ಹಳದಿಯಾಗಿ ಉದುರಿ, ಎರಡು ಮೂರು ವರ್ಷಗಳಲ್ಲಿ ಬಳ್ಳಿಯೇ ಒಣಗುತ್ತಿತ್ತು. ಸತ್ತ ಗಿಡಗಳನ್ನು ಕಿತ್ತು ನೋಡಿದರೆ ಬೇರು ಕೊಳೆತು ಕಪ್ಪಾಗಿರುತ್ತಿತ್ತು. ಹುಳು ಮಾತ್ರ ಎಲ್ಲಿಯೂ ಸಿಗುತ್ತಿರಲಿಲ್ಲ.

1868ರ ಜುಲೈನಲ್ಲಿ ಮೊಂಪೆಲಿಯೆ ನಗರದ ಸಸ್ಯವಿಜ್ಞಾನಿ ಜೂಲ್ ಎಮಿಲ್ ಪ್ಲಾಂಶೋನ್ ಮತ್ತು ಅವರ ಇಬ್ಬರು ಸಂಗಡಿಗರು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಸತ್ತ ಗಿಡವನ್ನು ಬಿಟ್ಟು, ಅದರ ಪಕ್ಕದಲ್ಲಿದ್ದ, ಇನ್ನೂ ಆರೋಗ್ಯವಾಗಿದ್ದಂತೆ ಕಾಣುತ್ತಿದ್ದ ಗಿಡದ ಬೇರನ್ನು ಅಗೆದು ಭೂತಗನ್ನಡಿ ಹಿಡಿದರು. ಬೇರಿನ ತುಂಬ ಹಳದಿ ಬಣ್ಣದ, ಒಂದು ಮಿಲಿಮೀಟರಿನಷ್ಟಿರುವ ಹೇನಿನಂಥ ಕೀಟಗಳು! ಗಿಡ ಸಾಯುತ್ತಿದ್ದಂತೆ ಅವು ಮುಂದಿನ ಜೀವಂತ ಬೇರಿಗೆ ಹೊರಟುಹೋಗುತ್ತಿದ್ದವು. ಸತ್ತ ಗಿಡದಲ್ಲಿ ಕಳ್ಳ ಸಿಗದಿದ್ದುದು ಅದಕ್ಕೇ. ಈ ಕೀಟವೇ ಫಿಲೋಕ್ಸೆರಾ.

ಅದರ ತವರು ಅಮೆರಿಕ. ಅಲ್ಲಿನ ಮಿಸೌರಿ ರಾಜ್ಯದ ಕೀಟಶಾಸ್ತ್ರಜ್ಞ ಚಾರ್ಲ್ಸ್ ವ್ಯಾಲೆಂಟೈನ್ ರೈಲಿ, ತಮ್ಮ ದೇಶದ ಕೀಟವೂ ಫ್ರಾನ್ಸಿನದೂ ಒಂದೇ ಎಂದು ತೋರಿಸಿಕೊಟ್ಟರು. ಅಮೆರಿಕದಿಂದ ಯೂರೋಪಿಗೆ ತರಿಸಿದ ದ್ರಾಕ್ಷಿ ಗಿಡಗಳ ಜೊತೆಗೆ ಅದೂ ಹಡಗು ಹತ್ತಿ ಬಂದಿತ್ತು. ಅದು ಬೇರಿನ ರಸ ಹೀರುವಾಗ ಬೇರಿನಲ್ಲಿ ಗಂಟುಗಳಾಗುತ್ತವೆ, ಗಾಯದ ಮೂಲಕ ಶಿಲೀಂಧ್ರ ನುಗ್ಗಿ ಬೇರು ಕೊಳೆಯುತ್ತದೆ. ಅಮೆರಿಕದ ಕಾಡು ದ್ರಾಕ್ಷಿಗಳು ಸಾವಿರಾರು ವರ್ಷ ಈ ಕೀಟದೊಡನೆಯೇ ಬೆಳೆದವು. ಕಚ್ಚಿದ ಜಾಗದ ಸುತ್ತ ಬೆಂಡಿನಂಥ ಪದರ ಕಟ್ಟಿಕೊಂಡು ಗಾಯವನ್ನು ಅಲ್ಲಿಗೇ ಮುಚ್ಚುವ ವಿದ್ಯೆ ಅವುಗಳಿಗೆ ಗೊತ್ತು. ಯೂರೋಪಿನ ದ್ರಾಕ್ಷಿಗೆ ಗೊತ್ತಿಲ್ಲ.

ಹಾನಿ ಎಷ್ಟಾಯಿತು? ಫ್ರಾನ್ಸಿನ ದ್ರಾಕ್ಷಾರಸ ಉತ್ಪಾದನೆ 1875ರಲ್ಲಿ ಸುಮಾರು 845 ಕೋಟಿ ಲೀಟರ್ ಇದ್ದುದು 1889ರ ಹೊತ್ತಿಗೆ ಸುಮಾರು 234 ಕೋಟಿ ಲೀಟರಿಗೆ ಕುಸಿಯಿತು. ದ್ರಾಕ್ಷಿಯನ್ನೇ ನಂಬಿದ್ದ ಹಳ್ಳಿಗಳು ಬರಿದಾದವು. ಪರಿಹಾರ ಕಂಡುಹಿಡಿದವರಿಗೆ ಸರ್ಕಾರ 1870ರಲ್ಲಿ 20,000 ಫ್ರಾಂಕ್ ಬಹುಮಾನ ಘೋಷಿಸಿತ್ತು. 1874ರಲ್ಲಿ ಅದನ್ನು 3 ಲಕ್ಷಕ್ಕೆ ಏರಿಸಿತು. ಕೆಲವರು ತೋಟಕ್ಕೆ ನೀರು ನಿಲ್ಲಿಸಿ ಕೀಟವನ್ನು ಮುಳುಗಿಸಿದರು. ಕೆಲವರು ಮಣ್ಣಿನೊಳಕ್ಕೆ ಕಾರ್ಬನ್ ಡೈಸಲ್ಫೈಡ್ ಎಂಬ ವಿಷದ್ರವವನ್ನು ಪಿಚಕಾರಿಯಿಂದ ಚುಚ್ಚಿದರು. ನೀರು ಎಲ್ಲ ಕಡೆ ಸಿಗುವಂಥದಲ್ಲ, ವಿಷ ಬಡವರ ಕೈಗೆ ಎಟಕುವಂಥದಲ್ಲ.

ಕೊನೆಗೆ ಗೆದ್ದದ್ದು ಕಸಿ. ಕೀಟ ಎಲ್ಲಿಂದ ಬಂತೋ ಅಲ್ಲಿಯ ಬೇರನ್ನೇ ತಂದು, ಅದರ ಮೇಲೆ ಫ್ರಾನ್ಸಿನ ತಳಿಯನ್ನು ಕೂರಿಸುವುದು. ಅಮೆರಿಕದ ಬೇರಿನಿಂದ ಹಣ್ಣಿನ ರುಚಿ ಕೆಟ್ಟೀತೆಂಬ ಭಯದಿಂದ ಅನೇಕರು ವರ್ಷಗಟ್ಟಲೆ ವಿರೋಧಿಸಿದರು. ರುಚಿ ಕೆಡಲಿಲ್ಲ. ಅಮೆರಿಕದ ಬಳ್ಳಿಗಳಿಗೆ ಕೀಟವನ್ನು ತಡೆದುಕೊಳ್ಳುವ ಶಕ್ತಿಯಿದೆ ಎಂದು ಮೊದಲು ತೋರಿಸಿದವರಲ್ಲಿ ಒಬ್ಬರಾದ ಬೋರ್ಡೋದ ಲೆಯೋ ಲಾಲಿಮಾನ್ ಬಹುಮಾನ ಕೇಳಿದಾಗ, ಇದು ರೋಗವನ್ನು ವಾಸಿ ಮಾಡುವ ಉಪಾಯವಲ್ಲ, ಬಾರದಂತೆ ತಡೆಯುವ ಉಪಾಯ ಎಂಬ ವಾದ ಮುಂದೆ ಬಂತು. ಬಹುಮಾನ ಯಾರಿಗೂ ಸಿಗಲಿಲ್ಲ.

ಬೇರು ಬಂತು, ಎಲೆ ಹಳದಿಯಾಯಿತು

ಕಥೆ ಇಲ್ಲಿಗೆ ಮುಗಿದಿದ್ದರೆ ಅಮೆರಿಕದ ಬೇರೇ ಸರ್ವರೋಗಕ್ಕೂ ಮದ್ದು ಎಂದು ಹೇಳಿಬಿಡಬಹುದಿತ್ತು. ಆದರೆ ಹೊಸ ಬೇರಿನ ಮೇಲೆ ಹೊಸ ತೋಟ ಕಟ್ಟಿದ ಎಲ್ಲರಿಗೂ ಒಂದೇ ಫಲ ದೊರೆಯಲಿಲ್ಲ. ಕೋನ್ಯಾಕ್ ಪಟ್ಟಣದ ಸುತ್ತಲಿನ ಮತ್ತು ಶಾಂಪೇನ್ ಪ್ರದೇಶದ ಸೀಮೆಸುಣ್ಣದಂಥ ಬಿಳಿ ನೆಲದಲ್ಲಿ ಕಸಿ ಗಿಡಗಳು ಹಳದಿಯಾಗಿ ಸೊರಗಿದವು. ಈ ಸಲ ಕೀಟದ ತಪ್ಪಿರಲಿಲ್ಲ.

ತಪ್ಪು ಬೇರಿಗೂ ನೆಲಕ್ಕೂ ಆಗದ ಹೊಂದಾಣಿಕೆಯದು. ಮೊದಲು ತರಿಸಿದ ಬೇರುಸಸಿಗಳು ಮುಖ್ಯವಾಗಿ ಎರಡು ಜಾತಿಯವು. ರಿಪೇರಿಯಾ ಎಂಬುದು ಅಮೆರಿಕದ ನದೀತೀರಗಳ ತಂಪು ಮೆಕ್ಕಲು ಮಣ್ಣಿನಲ್ಲಿ ಬೆಳೆದದ್ದು. ರುಪೆಸ್ಟ್ರಿಸ್ ಎಂಬುದು ಕಲ್ಲು, ಜಲ್ಲಿ ತುಂಬಿದ ಹಳ್ಳಗಳಲ್ಲಿ ಬೆಳೆದದ್ದು. ಸುಣ್ಣದ ನೆಲ ಎರಡಕ್ಕೂ ಅಷ್ಟಾಗಿ ಒಗ್ಗದು.

ಶಾಲೆಯ ವಿಜ್ಞಾನ ಪುಸ್ತಕದ ಪಾಠವೊಂದು ಇಲ್ಲಿ ನೆನಪಾಗಬೇಕು. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು ತಯಾರಾಗಲು ಕಬ್ಬಿಣ ಬೇಕು. ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಆದರೆ ಸುಣ್ಣ ಹೆಚ್ಚಾಗಿ ಮಣ್ಣು ಕ್ಷಾರವಾದಾಗ ಆ ಕಬ್ಬಿಣ ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಉಗ್ರಾಣ ತುಂಬಿದೆ, ಬಾಗಿಲಿಗೆ ಬೀಗ! ಸುಣ್ಣದ ನೆಲದಲ್ಲಿ ಹುಟ್ಟಿ ಬೆಳೆದ ಸಸ್ಯಗಳ ಬೇರಿಗೆ ಆ ಬೀಗ ತೆಗೆಯುವ ಉಪಾಯ ಗೊತ್ತಿರುತ್ತದೆ. ನದೀತೀರದ ಬೇರಿಗೆ ಅದು ಗೊತ್ತಿಲ್ಲ. ಆಗ ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು, ನಡುವಿನ ಭಾಗ ಹಳದಿಗೆ ತಿರುಗುತ್ತದೆ.

ಟೆಕ್ಸಾಸಿನ ಸುಣ್ಣದ ಗುಡ್ಡ

1887ರಲ್ಲಿ ಫ್ರಾನ್ಸ್ ಸರ್ಕಾರ ಪಿಯೆರ್ ವಿಯಾಲಾ ಎಂಬ ತಜ್ಞರನ್ನು ಅಮೆರಿಕಕ್ಕೆ ಕಳುಹಿಸಿತು. ಅವರ ಕೆಲಸ ಒಂದೇ: ಫಿಲೋಕ್ಸೆರಾಕ್ಕೆ ಜಗ್ಗದ, ಸುಣ್ಣದ ನೆಲಕ್ಕೂ ಅಂಜದ ಕಾಡು ದ್ರಾಕ್ಷಿಯನ್ನು ಹುಡುಕುವುದು. ಹುಡುಕಾಟ ಅವರನ್ನು ಟೆಕ್ಸಾಸಿನ ಡೆನಿಸನ್ ಪಟ್ಟಣಕ್ಕೆ, ಥಾಮಸ್ ವೋಲ್ನಿ ಮನ್ಸನ್ ಅವರ ಬಳಿಗೆ ಕರೆದೊಯ್ದಿತು.

ಮನ್ಸನ್ ನರ್ಸರಿ ಇಟ್ಟುಕೊಂಡಿದ್ದವರು. ಕಾಡು ದ್ರಾಕ್ಷಿಗಳ ಹುಚ್ಚು ಹಿಡಿಸಿಕೊಂಡು ಕುದುರೆಯ ಮೇಲೂ ರೈಲಿನಲ್ಲೂ ದೇಶ ಸುತ್ತಿ, ಯಾವ ಬಳ್ಳಿ ಯಾವ ಮಣ್ಣಿನಲ್ಲಿ ಬೆಳೆಯುತ್ತದೆ ಎಂದು ಬರೆದಿಟ್ಟವರು. ಬಳ್ಳಿಯ ಜೊತೆಗೆ ಅದು ನಿಂತ ನೆಲವನ್ನೂ ಗುರುತು ಮಾಡಿಕೊಂಡದ್ದು ಅವರ ಹೆಚ್ಚುಗಾರಿಕೆ. ಮಧ್ಯ ಟೆಕ್ಸಾಸಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಹಸಿರಾಗಿ ಬೆಳೆಯುತ್ತಿದ್ದ ಬರ್ಲಾಂಡಿಯೇರಿ ಎಂಬ ಜಾತಿ ಕೋನ್ಯಾಕ್ ರೈತರ ಕಷ್ಟಕ್ಕೆ ಉತ್ತರವಾಗಿ ಒದಗಿತು. ಈ ಜಾತಿಗೆ ಸಸ್ಯಶಾಸ್ತ್ರೀಯ ಹೆಸರು ಕೊಟ್ಟಿದ್ದವರು ಬೇರಿನಲ್ಲಿ ಕೀಟ ಕಂಡುಹಿಡಿದ ಅದೇ ಪ್ಲಾಂಶೋನ್! ಫ್ರಾನ್ಸ್ 1888ರಲ್ಲಿ ಮನ್ಸನ್ ಅವರನ್ನು ತನ್ನ ಕೃಷಿ ಗೌರವ ಪದವಿಯಿಂದ ಸನ್ಮಾನಿಸಿತು. ಡೆನಿಸನ್ ಮತ್ತು ಕೋನ್ಯಾಕ್ ಇಂದು ಸೋದರಿ ನಗರಗಳು.

ಬರ್ಲಾಂಡಿಯೇರಿಗೂ ಒಂದು ದೋಷವಿತ್ತು. ಅದರ ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬಿಡುವುದಿಲ್ಲ. ಹೀಗಾಗಿ ತಳಿವಿಜ್ಞಾನಿಗಳು ಅದನ್ನು ರಿಪೇರಿಯಾ, ರುಪೆಸ್ಟ್ರಿಸ್ ಮತ್ತು ಯೂರೋಪಿನ ದ್ರಾಕ್ಷಿಗಳೊಡನೆ ಸಂಕರ ಮಾಡಿದರು. ಇಂದು ನರ್ಸರಿ ಪಟ್ಟಿಗಳಲ್ಲಿ ಕಾಣುವ, ದೂರವಾಣಿ ಸಂಖ್ಯೆಗಳಂತೆ ತೋರುವ ಹೆಸರುಗಳ ಹಿಂದೆ ಇರುವುದು ಈ ಸಂಕರಗಳೇ. 110 ಆರ್ ಎಂಬುದರಲ್ಲಿನ ‘ಆರ್’ ರಿಕ್ಟರ್ ಎಂಬ ತಳಿಗಾರರ ಹೆಸರು. 1103 ಪಿ ಎಂಬುದು ಸಿಸಿಲಿ ದ್ವೀಪದಲ್ಲಿ ಕೆಲಸ ಮಾಡಿದ ಪೌಲ್ಸನ್ ಅವರದು. ಎಸ್‌ಓ4 ಎಂದರೆ ಜರ್ಮನಿಯ ಓಪನ್‌ಹೈಮ್‌ನಲ್ಲಿ ಆಯ್ದ ನಾಲ್ಕನೆಯ ಗಿಡ.

ಸುಣ್ಣದ ನೆಲಕ್ಕೆ ಹೆಸರಾದ 41 ಬಿ ಎಂಬ ಸಂಕರವನ್ನು 1882ರಲ್ಲಿ ಮಾಡಿದವರಲ್ಲಿ ಒಬ್ಬರು ಮಿಲಾರ್ಡೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ಮಿಶ್ರಣವನ್ನು ಜಗತ್ತಿಗೆ ಕೊಟ್ಟವರೂ ಅವರೇ. ಮಲೆನಾಡಿನ ರೈತರು ಅಡಿಕೆಯ ಕೊಳೆರೋಗಕ್ಕೆ ಇಂದಿಗೂ ಸಿಂಪಡಿಸುವುದು ಅದನ್ನೇ.

ಕ್ಯಾಲಿಫೋರ್ನಿಯಾ ಕಲಿತ ಪಾಠ

ಇಷ್ಟೆಲ್ಲ ಗೊತ್ತಾದ ಮೇಲೂ ಎಡವಿದವರಿದ್ದಾರೆ. 1879ರಲ್ಲಿ ಫ್ರಾನ್ಸಿನ ಗಾಂಝಿನ್ ಎಂಬವರು ಅರಾಮೋನ್ ಎಂಬ ಯೂರೋಪಿನ ತಳಿಯನ್ನು ರುಪೆಸ್ಟ್ರಿಸ್ ಜೊತೆ ಸಂಕರ ಮಾಡಿ ಎಎಕ್ಸ್‌ಆರ್1 ಎಂಬ ಬೇರುಸಸಿ ಪಡೆದರು. ಕಸಿಗೆ ಸುಲಭ, ಬೆಳವಣಿಗೆ ಜೋರು, ಇಳುವರಿ ಹೆಚ್ಚು. ರೈತನಿಗೆ ಇನ್ನೇನು ಬೇಕು? ಆದರೆ ಅದರ ತಂದೆತಾಯಿಗಳಲ್ಲಿ ಒಂದು ಯೂರೋಪಿನದು. ಫಿಲೋಕ್ಸೆರಾ ತಡೆಯುವ ಶಕ್ತಿ ಅದರಲ್ಲಿ ಅರೆಬರೆಯಾಗಿತ್ತು. ಯೂರೋಪಿನಲ್ಲೂ ದಕ್ಷಿಣ ಆಫ್ರಿಕದಲ್ಲೂ ಅದು ಸೋತ ಅನುಭವವಿತ್ತು.

ಕ್ಯಾಲಿಫೋರ್ನಿಯಾದ ಪ್ರಯೋಗಗಳಲ್ಲಿ ಮಾತ್ರ ಅದು ವರ್ಷಾನುಗಟ್ಟಲೆ ಚೆನ್ನಾಗಿ ಫಲ ಕೊಟ್ಟಿತು. ಅಲ್ಲಿನ ವಿಶ್ವವಿದ್ಯಾಲಯವೂ ಶಿಫಾರಸು ಮಾಡಿತು. ನಾಪಾ ಮತ್ತು ಸೊನೋಮಾ ಕಣಿವೆಗಳ ಬಹುಪಾಲು ತೋಟಗಳು ಇದೊಂದೇ ಬೇರಿನ ಮೇಲೆ ನಿಂತವು. 1980ರ ದಶಕದ ಆರಂಭದಲ್ಲಿ ಫಿಲೋಕ್ಸೆರಾ ಆ ಬೇರುಗಳಿಗೆ ಬಾಯಿ ಹಾಕಿತು. 1990ರ ದಶಕವಿಡೀ ಅಲ್ಲಿನ ಬೆಳೆಗಾರರು ಕೋಟಿಗಟ್ಟಲೆ ಡಾಲರ್ ಸುರಿದು ತೋಟಗಳನ್ನು ಕಿತ್ತು ಮತ್ತೆ ನೆಡಬೇಕಾಯಿತು.

ಈ ಪ್ರಕರಣ ಎರಡು ಮಾತು ಹೇಳುತ್ತದೆ. ಮೊದಲ ಹತ್ತು ವರ್ಷದ ಇಳುವರಿಯೊಂದನ್ನೇ ನೋಡಿ ಬೇರನ್ನು ಅಳೆಯಬಾರದು. ಇಡೀ ಸೀಮೆಯೇ ಒಂದೇ ಬೇರನ್ನು ನೆಚ್ಚಿಕೊಂಡರೆ ಅಪಾಯವೂ ಇಡೀ ಸೀಮೆಗೆ ಬರುತ್ತದೆ.

ವಿಜಯಪುರಕ್ಕೆ ಬಂದ ಡಾಗ್‌ರಿಡ್ಜ್

ಭಾರತದ ದ್ರಾಕ್ಷಿಗೆ ಫಿಲೋಕ್ಸೆರಾ ಪಿಡುಗಾಗಿ ಕಾಡಿಲ್ಲ. ಹೀಗಾಗಿ ನಮ್ಮಲ್ಲಿ ಬಹುಕಾಲ ಹಣ್ಣಿನ ತಳಿಯ ಕಡ್ಡಿಯನ್ನೇ ನೆಟ್ಟು ತೋಟ ಮಾಡುತ್ತಿದ್ದರು. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಬರ ಬಿತ್ತು. ಬಾವಿ ಬತ್ತಿತು. ಕೊಳವೆಬಾವಿ ಆಳಕ್ಕಿಳಿದಂತೆ ನೀರು ಉಪ್ಪಾಯಿತು. ಎರೆಮಣ್ಣಿನ ತಗ್ಗು ಜಮೀನುಗಳು ಸವಳು, ಜವಳಾದವು. ಎಲೆಯ ಅಂಚು ಸುಟ್ಟಂತಾಗಿ ಬಳ್ಳಿಗಳು ಸೊರಗತೊಡಗಿದವು.

ದ್ರಾಕ್ಷಿಗೆ ಉಪ್ಪು ಎಷ್ಟು ಆಗದು ಎಂಬುದಕ್ಕೆ ಲೆಕ್ಕವಿದೆ. ಮಣ್ಣಿನ ಉಪ್ಪಿನಂಶವನ್ನು ಅದರ ವಿದ್ಯುತ್ ವಾಹಕತೆಯಿಂದ, ಅಂದರೆ ಪ್ರಯೋಗಾಲಯದವರು ‘ಇ.ಸಿ.’ ಎಂದು ಬರೆಯುವ ಅಂಕಿಯಿಂದ ಅಳೆಯುತ್ತಾರೆ. ಮಣ್ಣಿನ ತೇವದಲ್ಲಿ ಈ ಅಂಕಿ 1.5 ದಾಟಿದ ಮೇಲೆ ಪ್ರತಿ ಒಂದು ಅಂಕಿಗೆ ಇಳುವರಿ ಸುಮಾರು ಶೇ. 9.6ರಷ್ಟು ಇಳಿಯುತ್ತದೆ ಎಂಬುದು ವಿಜ್ಞಾನಿಗಳಲ್ಲಿ ಬಳಕೆಯಲ್ಲಿರುವ ಅಂದಾಜು. ಅಂಕಿ 3.5 ಆದರೆ ಬೆಳೆಯ ಐದನೆಯ ಒಂದು ಪಾಲು ಹೋದಂತೆಯೇ.

ಈ ಕಷ್ಟಕ್ಕೆ ಒದಗಿದ್ದು ಡಾಗ್‌ರಿಡ್ಜ್ ಎಂಬ ಬೇರುಸಸಿ. 1990ರ ದಶಕದಲ್ಲಿ ಅದು ಮಹಾರಾಷ್ಟ್ರದಲ್ಲಿ ಬೇಗ ಬೇಗ ಹರಡಿ ಉತ್ತರ ಕರ್ನಾಟಕದಲ್ಲೂ ಬೇರೂರಿತು. ಅಚ್ಚರಿಯ ಸಂಗತಿಯೆಂದರೆ, ಅದನ್ನು ಟೆಕ್ಸಾಸಿನ ಕಾಡಿನಿಂದ ಆಯ್ದವರು ಫ್ರಾನ್ಸಿಗೆ ನೆರವಾದ ಅದೇ ಮನ್ಸನ್. ಅದು ಸೇರಿದ ಚಾಂಪಿನಿ ಎಂಬ ಜಾತಿಗೆ ಹೆಸರಿಟ್ಟವರೂ ಅದೇ ಪ್ಲಾಂಶೋನ್! ಈ ಬೇರು ಆಳಕ್ಕಿಳಿದು ಬರವನ್ನು ತಡೆಯುತ್ತದೆ. ಉಪ್ಪಿನ ಕ್ಲೋರೈಡ್ ಅಂಶವನ್ನು ಬಹುಮಟ್ಟಿಗೆ ಹೊರಗೇ ಬಿಡುತ್ತದೆ. ಬೇರುಗಂಟು ಮಾಡುವ ಜಂತುಹುಳುಗಳಿಗೂ ಜಗ್ಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಈ ಬೇರುಸಸಿಯನ್ನು ನೆಟ್ಟು ಬೆಳೆಸಿ, ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದಲ್ಲೇ ಅದರ ಮೇಲೆ ಹಣ್ಣಿನ ತಳಿ ಕಸಿ ಮಾಡುವ ಪದ್ಧತಿ ಈಗ ಸಾಮಾನ್ಯವಾಗಿದೆ.

ಶಕ್ತಿ ಹೆಚ್ಚಾದರೂ ತೊಡಕು

ಹಾಗಾದರೆ ಎಲ್ಲರೂ ಡಾಗ್‌ರಿಡ್ಜ್ ಹಾಕಿದರಾಯಿತಲ್ಲ ಎನ್ನುವುದು ಸಹಜ. ತೊಡಕಿರುವುದು ಇಲ್ಲಿಯೇ. ಈ ಬೇರಿಗೆ ಕಸುವು ಬಹಳ. ಉಪ್ಪು, ಬರಗಳ ಜೊತೆ ಹೋರಾಡುವ ನೆಲದಲ್ಲಿ ಆ ಕಸುವು ವರ. ನೀರು ಸಿಹಿಯಾಗಿದ್ದು ಮಣ್ಣು ಫಲವತ್ತಾಗಿರುವ ಕಡೆ ಅದೇ ಕಸುವು ಬಳ್ಳಿ, ಎಲೆಗಳಾಗಿ ಉಕ್ಕುತ್ತದೆ. ಗೊಂಚಲು ಕಡಿಮೆಯಾಗುತ್ತದೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ನಮ್ಮ ಭಾಗದ ಚಾಟ್ನಿಯ ಕ್ರಮವನ್ನು ನೋಡಬೇಕು. ಇಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ. ಏಪ್ರಿಲ್ ಚಾಟ್ನಿ ಬಳ್ಳಿಗಾಗಿ, ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಅಕ್ಟೋಬರಿನ ನಂತರ ಹೊರಬರುವ ಗೊಂಚಲಿನ ಮೊಳಕೆ ಏಪ್ರಿಲ್ ನಂತರ ಬೆಳೆದ ಕಡ್ಡಿಯ ಕಣ್ಣಿನೊಳಗೆ ಮೊದಲೇ ರೂಪುಗೊಂಡಿರುತ್ತದೆ. ಆ ದಿನಗಳಲ್ಲಿ ಕಣ್ಣುಗಳ ಮೇಲೆ ಬಿಸಿಲು ಬೀಳಬೇಕು. ಚಪ್ಪರದಲ್ಲಿ ಎಲೆ ಕಿಕ್ಕಿರಿದು ನೆರಳಾದರೆ ಅನೇಕ ಕಣ್ಣುಗಳು ಬರೀ ಬಳ್ಳಿಯನ್ನೇ ಕೊಡುತ್ತವೆ. ನೀರು, ಸಾರಜನಕ ಗೊಬ್ಬರಗಳನ್ನು ಹಿಡಿತದಲ್ಲಿಟ್ಟು, ಚಿಗುರು ಚಿವುಟಿ ಇದನ್ನು ಸರಿಪಡಿಸಬಹುದು. ಆದರೆ ಆ ಕೂಲಿ, ಆ ನಿಗಾ ಪ್ರತಿವರ್ಷವೂ ಬೇಕು. ಅಂಥ ಜಮೀನಿಗೆ ಕಸುವು ಹಿತಮಿತವಾಗಿರುವ 110 ಆರ್‌ನಂಥ ಬೇರು ಹೊಂದಬಹುದು. ಅದೂ ಭಾರತದಲ್ಲಿ ಬಳಕೆಗೆ ಬಂದಿದೆ. ಆದರೆ ನೀರು ನಿಲ್ಲುವ ನೆಲ ಅದಕ್ಕೆ ಆಗದು.

ಒಂದೇ ರೈತನ ಜಮೀನಿನಲ್ಲೇ ಮಡ್ಡಿಯ ಮೇಲೊಂದು ತುಂಡು, ಎರೆಯ ತಗ್ಗಿನಲ್ಲೊಂದು ತುಂಡು ಇರುವುದು ವಿಜಯಪುರ ಸೀಮೆಯಲ್ಲಿ ಅಪರೂಪವಲ್ಲ. ಎರಡಕ್ಕೂ ಬೇರೆ ಬೇರೆ ಬೇರುಸಸಿ ಬೇಕಾಗಬಹುದು. ‘ಊರಿಗೊಂದು ದಾರಿಯಾದರೆ ಯಡವಟ್ಟನಿಗೊಂದು ದಾರಿ’ ಎಂಬ ಗಾದೆ ಬೇರಿನ ವಿಷಯದಲ್ಲಿ ಸಲ್ಲದು. ಊರಿಗೆಲ್ಲ ಒಪ್ಪಿದ ಬೇರು ತನ್ನ ಹೊಲಕ್ಕೂ ಒಪ್ಪುತ್ತದೆಯೇ ಎಂದು ಕೇಳುವವನೇ ಇಲ್ಲಿ ಜಾಣ.

ಮಣ್ಣನ್ನು ಕೇಳುವ ಬಗೆ

ಆಯ್ಕೆ ಶುರುವಾಗಬೇಕಾದದ್ದು ನರ್ಸರಿಯಲ್ಲಲ್ಲ, ಗುಂಡಿಯಲ್ಲಿ. ಜಮೀನಿನ ಬೇರೆ ಬೇರೆ ಕಡೆ ಮೂರರಿಂದ ನಾಲ್ಕು ಅಡಿ ಆಳದ ಗುಂಡಿ ತೋಡಬೇಕು. ಮೇಲ್ಮಣ್ಣು ಎಲ್ಲಿ ಮುಗಿಯುತ್ತದೆ, ಸುಣ್ಣದ ಹರಳುಗಳ ಪದರ ಎಲ್ಲಿ ಸಿಗುತ್ತದೆ, ನೀರು ಬಸಿಯುತ್ತದೆಯೇ ನಿಲ್ಲುತ್ತದೆಯೇ ಎಂಬುದನ್ನೆಲ್ಲ ಗುಂಡಿಯ ಗೋಡೆಯೇ ಹೇಳುತ್ತದೆ. ಪ್ರತಿ ಪದರದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಪ್ರಯೋಗಾಲಯಕ್ಕೆ ಕೊಡಬೇಕು. ರಸಸಾರ, ಉಪ್ಪಿನಂಶ, ಸುಣ್ಣದಂಶ, ಸೋಡಿಯಂ ಇವು ಮುಖ್ಯ ಪರೀಕ್ಷೆಗಳು.

ಬಾವಿಯ ನೀರನ್ನು ಬೇಸಿಗೆಯಲ್ಲಿ ತೆಗೆದು ಪರೀಕ್ಷಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಸಿಹಿಯಾಗಿ ತೋರುವ ನೀರು ಬೇಸಿಗೆಯಲ್ಲಿ ಬೇರೆಯೇ ಗುಣ ತೋರಬಹುದು. ಹಿಂದೆ ಅಲ್ಲಿ ಯಾವ ಬೆಳೆಯಿತ್ತು ಎಂಬುದೂ ಮುಖ್ಯ. ತರಕಾರಿ ಬೆಳೆದ ಮರಳು ಮಿಶ್ರಿತ ನೆಲದಲ್ಲಿ ಬೇರುಗಂಟಿನ ಜಂತುಹುಳು ಇರುವ ಸಂಭವವುಂಟು. ಇಷ್ಟು ತಿಳಿದ ಮೇಲೆ ಮೇಲಿನ ತಳಿ ಯಾವುದು, ಹಣ್ಣು ಮಾರುವುದಕ್ಕೋ ಒಣದ್ರಾಕ್ಷಿಗೋ ಎಂದು ಯೋಚಿಸಿ ಬೇರನ್ನು ಆರಿಸಬೇಕು.

ಎಲೆಯಿಲ್ಲದ ಕಡ್ಡಿಗಳೆಲ್ಲ ನೋಡಲು ಒಂದೇ ತೆರ. ಹೆಸರು ಒಂದು, ಕಡ್ಡಿ ಇನ್ನೊಂದು ಆದರೆ ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ವೈರಸ್ ರೋಗಗಳೂ ಕಸಿಯ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತವೆ. ಆದ್ದರಿಂದ ತಾಯಿಗಿಡದ ಮೂಲ ಗೊತ್ತಿರುವ ಕಡೆಯಿಂದಲೇ ಸಸಿ ತರಬೇಕು. ಮಾಹಿತಿಗೆ ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವೆ. ಕೃಷಿ ವಿಜ್ಞಾನ ಕೇಂದ್ರಗಳೂ ಸಲಹೆ ಕೊಡುತ್ತವೆ.

ಯಾವ ನೆಲಕ್ಕೆ ಯಾವ ಬೇರು?

ಉಪ್ಪು ನೀರು, ಬರ ಎರಡೂ ಇರುವಲ್ಲಿ: ಡಾಗ್‌ರಿಡ್ಜ್, ಸಾಲ್ಟ್ ಕ್ರೀಕ್.

ನೀರು ಕಡಿಮೆ, ಉಪ್ಪಿನ ಕಾಟ ಹೆಚ್ಚಿಲ್ಲ, ನೆಲ ಚೆನ್ನಾಗಿ ಬಸಿಯುತ್ತದೆ ಎಂದಾದರೆ: 110 ಆರ್, 1103 ಪಿ.

ಸುಣ್ಣ ಬಹಳವಿರುವಲ್ಲಿ: 41 ಬಿ, 140 ರುಜೇರಿ. ರಿಪೇರಿಯಾ ಬೇಡ.

ಜಂತುಹುಳು ಇರುವ ಮರಳು ನೆಲದಲ್ಲಿ: ಡಾಗ್‌ರಿಡ್ಜ್, ಸಾಲ್ಟ್ ಕ್ರೀಕ್, ಎಸ್‌ಓ4.

ಆಳವಾದ, ತಂಪಾದ, ಫಲವತ್ತಾದ ನೆಲದಲ್ಲಿ: ಕಸುವು ಕಡಿಮೆಯಿರುವ ಬೇರು.

ಇವು ಜಗತ್ತಿನ ಅನುಭವದಿಂದ ಬಂದ ಸಾಮಾನ್ಯ ಸೂತ್ರಗಳು. ಪಟ್ಟಿಯಲ್ಲಿರುವ ಎಲ್ಲವೂ ನಮ್ಮ ನರ್ಸರಿಗಳಲ್ಲಿ ಸುಲಭವಾಗಿ ಸಿಗುವಂಥವಲ್ಲ. ಕೊನೆಯ ಮಾತು ಮಣ್ಣು, ನೀರಿನ ಪರೀಕ್ಷೆಯದು.

ವಿದ್ಯಾರ್ಥಿಗಳಿಗೆ ತೆರೆದ ಬಾಗಿಲು

ಈ ಪಾಠ ದ್ರಾಕ್ಷಿಗಷ್ಟೇ ಸೀಮಿತವಲ್ಲ. ಮಲೆನಾಡಿನಲ್ಲಿ ಸೊರಗು ರೋಗದಿಂದ ಕಾಳುಮೆಣಸಿನ ಬಳ್ಳಿ ಸಾಯುವುದನ್ನು ತಪ್ಪಿಸಲು ಬ್ರೆಜಿಲ್ ಮೂಲದ ಹಿಪ್ಪಲಿಯ ಬೇರಿನ ಮೇಲೆ ಮೆಣಸನ್ನು ಕಸಿ ಮಾಡುತ್ತಾರೆ. ತೇವವಿರುವ ಕಡೆ ಅದು ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ನೀರಿಲ್ಲದ ಒಣ ಜಾಗದಲ್ಲಿ ಸೋಲುತ್ತದೆ. ಬದನೆ, ಟೊಮೆಟೊ ಸಸಿಗಳನ್ನೂ ಕಾಡುಬದನೆಯ ಬೇರಿನ ಮೇಲೆ ಕಸಿ ಮಾಡುವುದುಂಟು.

ಪ್ರೌಢಶಾಲೆಯ ಮಕ್ಕಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಊರಿನ ನಾಲ್ಕು ಕಡೆಯ ಒಣ ಮಣ್ಣನ್ನು ತಂದು, ಶಿಕ್ಷಕರ ಎದುರಿನಲ್ಲಿ ಅದರ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟರೆ ಸುಣ್ಣವಿರುವ ಮಣ್ಣು ಬುಸುಗುಟ್ಟಿ ನೊರೆ ಬರುತ್ತದೆ. ಕೋನ್ಯಾಕ್ ರೈತರನ್ನು ಕಾಡಿದ್ದು ಇದೇ ಸುಣ್ಣ. ತೋಟದಲ್ಲಿ ಹಳದಿಯಾದ ಎಲೆಗೂ ಆ ನೊರೆಗೂ ಸಂಬಂಧವಿದೆಯೇ ಎಂದು ಹುಡುಕುವುದೇ ಒಂದು ಒಳ್ಳೆಯ ವಿಜ್ಞಾನ ಯೋಜನೆ.

ತಂದೆತಾಯಂದಿರೂ ಗಮನಿಸಬೇಕಾದ ಮಾತೊಂದಿದೆ. ವಿಜ್ಞಾನ ಓದುವ ಮಕ್ಕಳಿಗೆ ಎಂಜಿನಿಯರಿಂಗ್, ವೈದ್ಯಕೀಯ ಎರಡೇ ದಾರಿ ಎಂದು ಬಹಳ ಮನೆಗಳಲ್ಲಿ ತಿಳಿಯುತ್ತಾರೆ. ಮಣ್ಣುವಿಜ್ಞಾನ, ತಳಿವಿಜ್ಞಾನ, ಕೀಟಶಾಸ್ತ್ರಗಳು ಒಂದು ದೇಶದ ಬದುಕನ್ನೇ ಉಳಿಸಿದ್ದಕ್ಕೆ ಫ್ರಾನ್ಸಿನ ಕಥೆ ಸಾಕ್ಷಿ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಧಾರವಾಡ ಕೃಷಿ ವಿಶ್ವವಿದ್ಯಾಲಯ, ವಿಜಯಪುರ ಬಳಿಯ ಹಿಟ್ನಳ್ಳಿಯ ಕೃಷಿ ಕಾಲೇಜು ಇಂಥ ಓದಿಗೆ ಅವಕಾಶ ಕೊಡುತ್ತವೆ. ರೈತನ ಮಗ, ಮಗಳು ಹೊಲದಲ್ಲಿ ಕಂಡದ್ದಕ್ಕೆ ಅಲ್ಲಿ ಕಾರಣ ಕಲಿಯುತ್ತಾರೆ.

ಮೊಂಪೆಲಿಯೆಯ ಕೃಷಿ ವಿದ್ಯಾಲಯದಲ್ಲಿ ಒಂದು ಶಿಲ್ಪವಿದೆ. ಬಳಲಿದ ಮುದುಕಿಯೊಬ್ಬಳನ್ನು ತರುಣಿಯೊಬ್ಬಳು ಆತು ಹಿಡಿದಿದ್ದಾಳೆ. ಮುದುಕಿ ಯೂರೋಪಿನ ದ್ರಾಕ್ಷಿ, ತರುಣಿ ಅಮೆರಿಕದ ಬಳ್ಳಿ. ಆದರೆ ಆ ತರುಣಿಗೂ ತನ್ನ ಕಾಲ ಕೆಳಗೆ ತನಗೆ ಒಪ್ಪುವ ನೆಲ ಬೇಕಾಗಿತ್ತು ಎಂಬುದನ್ನು ಕೋನ್ಯಾಕ್ ರೈತರು ಕಷ್ಟಪಟ್ಟು ಕಲಿತರು. ವಿಜಯಪುರದ ರೈತ ಅದನ್ನು ಅಷ್ಟು ಕಷ್ಟಪಡದೆ ಕಲಿಯಬಹುದು. ಅದಕ್ಕೆ ಬೇಕಾದದ್ದು ಸಸಿ ತರುವ ಮುನ್ನ ತೋಡುವ ನಾಲ್ಕು ಗುಂಡಿ, ಪ್ರಯೋಗಾಲಯಕ್ಕೆ ಒಯ್ಯುವ ಒಂದು ಬಾಟಲಿ ನೀರು.